ಎದುರಾಳಿಯ ಪುಸ್ತಕದಲ್ಲಿ ಸಿಕ್ಕ ದೇವಯ್ಯ

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರ ವಾಯುನೆಲೆಯಿಂದ ಭಾರತೀಯ ವಾಯುಪಡೆಯ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ಮೇಲೆ ದಾಳಿಗೆ ಹೊರಟವು. ಒಂದು ವಾಪಸ್ ಬರಲಿಲ್ಲ. ಅದರ ಪೈಲಟ್ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ವಯಸ್ಸು 32. ಅವರ ಹೆಸರಿನ ಮುಂದೆ ಉಳಿದ ಪದ ‘ಕಾಣೆ’. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಪರಮವೀರ ಚಕ್ರದ ನಂತರ ಯುದ್ಧಕಾಲದ ಶೌರ್ಯಕ್ಕೆ ಕೊಡುವ ಎರಡನೇ ಅತಿ ದೊಡ್ಡ ಗೌರವ ಅದು. ನಡುವೆ 23 ವರ್ಷ ಕಳೆದಿತ್ತು.

ಇಷ್ಟು ವರ್ಷ ಯಾಕೆ ಬೇಕಾಯಿತು ಅಂದರೆ, ಅವರು ಮಾಡಿದ್ದನ್ನು ನಮ್ಮ ಕಡೆಯವರು ಯಾರೂ ನೋಡಿರಲಿಲ್ಲ. ಹತ್ತಿರದಿಂದ ನೋಡಿದವನು ಒಬ್ಬನೇ, ಅವನು ಎದುರಾಳಿ. ನಮ್ಮವನೊಬ್ಬನ ಬದುಕಿನ ಅತಿ ಮುಖ್ಯ ಗಳಿಗೆಗೆ ಶತ್ರುವೇ ಸಾಕ್ಷಿಯಾದರೆ, ಆ ಸಾಕ್ಷಿಯನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ನಾನು ಇತಿಹಾಸಕಾರನಲ್ಲ. ಸನಿವೇಲ್‌ನಲ್ಲಿ ಕೂತು ದಿನವಿಡೀ ಡೇಟಾ ಟೇಬಲ್‌ಗಳ ಜೊತೆ ಗುದ್ದಾಡುವವನು. 2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಹಿಂದಿ ಸಿನಿಮಾ ಬಂದಾಗ ಫ್ರೀಮಾಂಟ್‌ನ ಗೆಳೆಯನ ಮನೆಯವರ ಜೊತೆ ನೋಡಲು ಹೋಗಿದ್ದೆ. ಸಿನಿಮಾದಲ್ಲಿ ಹೆಸರು ಬೇರೆ, ಕಥೆಯ ಬೇರು ಮಾತ್ರ ದೇವಯ್ಯನವರದ್ದೇ. ವಾಪಸ್ ಬರುವಾಗ ಗೆಳೆಯನ ಮಗಳು, ಇಲ್ಲೇ ಹುಟ್ಟಿದ ಹದಿಮೂರರ ಹುಡುಗಿ, ತನ್ನ ಭಾನುವಾರದ ಕ್ಲಾಸಿನ ಕನ್ನಡದಲ್ಲಿ ಕೇಳಿದಳು: “ಮಾಮ, ಅವರು ಸತ್ತುಹೋದರು ಅಲ್ವಾ? ಮತ್ತೆ ಮೇಲೆ ಏನಾಯ್ತು ಅಂತ ಯಾರು ಹೇಳಿದರು?” ಕಾರಿನಲ್ಲಿದ್ದ ದೊಡ್ಡವರೆಲ್ಲ ಹಾಡು ಚೆನ್ನಾಗಿತ್ತು, ಗ್ರಾಫಿಕ್ಸ್ ಅಷ್ಟಕ್ಕಷ್ಟೆ ಅಂತ ಮಾತಾಡುತ್ತಿದ್ದೆವು. ಕೇಳಬೇಕಾದ್ದನ್ನು ಕೇಳಿದ್ದು ಅವಳೊಬ್ಬಳೇ.

ಅಲ್ಲಿಂದ ಕೆಲವು ವಾರಾಂತ್ಯಗಳನ್ನು ಈ ಹುಡುಕಾಟಕ್ಕೆ ಕೊಟ್ಟೆ. ಮೊದಲ ತೊಡಕು ಹೆಸರಿನದ್ದು. ಕೊಡವರಲ್ಲಿ ಒಕ್ಕದ ಹೆಸರು, ಅಂದರೆ ಮನೆತನದ ಹೆಸರು, ಮೊದಲು ಬರುತ್ತದೆ. ಅಜ್ಜಮಾಡ ಅಂಥದ್ದು. ಫೌಜಿನ ಇಂಗ್ಲಿಷ್ ದಾಖಲೆಯಲ್ಲಿ ಅದು ಎ ಎಂಬ ಒಂದೇ ಅಕ್ಷರಕ್ಕೆ ಇಳಿದಿದೆ. ‘ದೇವಯ್ಯ’ವನ್ನು ಒಂದು ಕಡೆ ಎರಡು ವೈ ಹಾಕಿ ಬರೆದಿದ್ದಾರೆ, ಇನ್ನೊಂದು ಕಡೆ ಐ ಹಾಕಿ. ಅಮೆರಿಕದ ಫಾರ್ಮುಗಳಲ್ಲಿ ಅಪ್ಪನ ಹೆಸರು, ಊರಿನ ಹೆಸರು ಎಲ್ಲಿ ತುರುಕುವುದೋ ಗೊತ್ತಾಗದೆ ಒದ್ದಾಡಿದ ನಮಗೆಲ್ಲ ಈ ಕಷ್ಟ ಪರಿಚಿತವೇ.

ಈಗ ಆ ಬೆಳಗಿನ ಕಥೆ. ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ವಾಯುಪಡೆ ಸೇರಿದ್ದು 1954ರಲ್ಲಿ. ಯುದ್ಧ ಶುರುವಾಗುವ ಹೊತ್ತಿಗೆ ಅವರು ಹೊಸಬರಿಗೆ ವಿಮಾನ ಹಾರಿಸಲು ಕಲಿಸುವ ಮೇಷ್ಟ್ರು. ಯುದ್ಧಕ್ಕಾಗಿ ಅವರನ್ನು ಒಂದನೇ ಸ್ಕ್ವಾಡ್ರನ್‌ಗೆ ಕಳಿಸಿದ್ದರು. ಆ ದಿನದ ದಾಳಿಗೆ ಗೊತ್ತಾಗಿದ್ದ 12 ಜನರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಯಾರಾದರೂ ಹೋಗಲಾಗದಿದ್ದರೆ ಅಂತ ಇಟ್ಟುಕೊಂಡ ಬದಲಿ ಪೈಲಟ್ ಅವರು. ಒಂದು ಜಾಗ ಖಾಲಿಯಾಯಿತು, ದೇವಯ್ಯ ಸೇರಿಕೊಂಡರು.

ಹಿಂದಿರುಗುವ ದಾರಿಯಲ್ಲಿ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಅವರಿಗೆ ಎದುರಾಯಿತು. ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡು ಪಟ್ಟು ವೇಗ, ಆ ಕಾಲದ ಅದ್ಭುತ. ಲಾಕ್‌ಹೀಡ್ ಕಂಪನಿಯ ಕೆಲ್ಲಿ ಜಾನ್ಸನ್ ತಂಡ ಅದನ್ನು ವಿನ್ಯಾಸ ಮಾಡಿದ್ದು ಇದೇ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ. ಸನಿವೇಲ್‌ನ ಲೈಟ್ ರೈಲಿನಲ್ಲಿ ಈಗಲೂ ಲಾಕ್‌ಹೀಡ್ ಮಾರ್ಟಿನ್ ಹೆಸರಿನ ಸ್ಟೇಷನ್ ಇದೆ. ಆ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿದಾಗಲೆಲ್ಲ ನನಗೀಗ ಸರ್ಗೋಧಾ ನೆನಪಾಗುತ್ತದೆ. ಮಿಸ್ಟೇರ್ ಫ್ರಾನ್ಸಿನದ್ದು, ಹಳೆಯದು, ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟದ್ದು. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಅಮ್ಜದ್ ಬಿಟ್ಟ ಕ್ಷಿಪಣಿ ಗುರಿ ತಪ್ಪಿತು. ಆಮೇಲೆ ಹೊಡೆದ ಗುಂಡುಗಳು ಮಿಸ್ಟೇರ್‌ಗೆ ತಾಗಿದವು. ಆದರೆ ಮಿಸ್ಟೇರ್ ಹಾರುತ್ತಲೇ ಇತ್ತು. ದೇವಯ್ಯ ತಿರುಗಿ ನಿಂತರು. ಕಡಿಮೆ ಎತ್ತರದಲ್ಲಿ ಸುತ್ತು ಹೊಡೆಯುತ್ತಾ ನಡೆದ ಆ ಕಾಳಗದಲ್ಲಿ ಸ್ಟಾರ್‌ಫೈಟರ್‌ಗೆ ಗುಂಡೇಟು ಬಿತ್ತು, ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿಕೊಂಡು ಬದುಕಿದ. ದೇವಯ್ಯ ಬದುಕಲಿಲ್ಲ. ಹಳ್ಳಿಯ ಜನ ಅವರ ದೇಹವನ್ನು ಅಲ್ಲೇ ಹೊಲದಲ್ಲಿ ಮಣ್ಣು ಮಾಡಿದರು ಎಂದು ಪಾಕಿಸ್ತಾನದ ಕಡೆಯ ವಿವರಗಳು ಹೇಳುತ್ತವೆ.

ಆದಂಪುರದಲ್ಲಿ ಇದ್ಯಾವುದೂ ಗೊತ್ತಿಲ್ಲ. ದಾಳಿ ಮುಗಿಸಿ ಬಂದ ಪೈಲಟ್‌ಗಳನ್ನು ಕೂರಿಸಿ ಏನು ನೋಡಿದಿರಿ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಬಂದವರು ತಾವು ನೋಡಿದ್ದನ್ನು ಹೇಳಬಲ್ಲರು, ಅಷ್ಟೆ.

ನನ್ನ ಕಸುಬಿನವರಿಗೆಲ್ಲ ಇಲ್ಲಿ ಅಬ್ರಹಾಂ ವಾಲ್ಡ್ ನೆನಪಾಗಲೇಬೇಕು. ಎರಡನೇ ಮಹಾಯುದ್ಧದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞರ ಗುಂಪಿನಲ್ಲಿ ಕೆಲಸ ಮಾಡಿದವರು. ವಾಪಸ್ ಬಂದ ವಿಮಾನಗಳ ಮೈಮೇಲಿನ ಗುಂಡಿನ ತೂತುಗಳನ್ನು ಎಣಿಸಿ, ತೂತು ಹೆಚ್ಚಿರುವಲ್ಲಿ ಕವಚ ಹಾಕೋಣ ಅಂತ ಎಲ್ಲರೂ ಹೇಳಿದಾಗ, ತೂತು ಇಲ್ಲದ ಕಡೆ ಹಾಕಿ, ಅಲ್ಲಿ ಏಟು ತಿಂದವು ವಾಪಸ್ಸೇ ಬಂದಿಲ್ಲ ಅಂದರು ಅನ್ನುವುದು ಜನಪ್ರಿಯ ಕಥೆ. ಅವರು ನಿಜಕ್ಕೂ ಬರೆದ ವರದಿಗಳಲ್ಲಿ ಇಷ್ಟು ನಾಟಕವಿಲ್ಲ, ಬರೀ ಸಮೀಕರಣ. ಆದರೆ ತಿರುಳು ಅದೇ: ಬದುಕಿ ಬಂದವರ ಮಾತಿನಿಂದ ಮಾತ್ರ ಕಟ್ಟಿದ ಲೆಕ್ಕ ಒಂದು ಕಡೆಗೆ ವಾಲಿರುತ್ತದೆ. (ಇದೇ ವಾಲ್ಡ್ 1950ರಲ್ಲಿ ಭಾರತಕ್ಕೆ ಉಪನ್ಯಾಸ ಕೊಡಲು ಬಂದು, ನಮ್ಮ ನೀಲಗಿರಿಯಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಊಟಿಗೆ ಎಷ್ಟು ಸಲ ಹೋಗಿದ್ದೆ, ಯಾರೂ ಹೇಳಿರಲಿಲ್ಲ.)

ವಾಪಸ್ ಬಾರದ ವಿಮಾನದ ಮಾಹಿತಿ ಗಾಳಿಯಲ್ಲಿ ಕರಗಿ ಹೋಗುವುದಿಲ್ಲ. ಅದು ಬಿದ್ದ ನೆಲದಲ್ಲಿ ಇರುತ್ತದೆ. ಆ ನೆಲ ಶತ್ರುವಿನದ್ದು, ತೊಂದರೆ ಇಷ್ಟೇ.

‘ಕಾಣೆ’ ಎಂಬ ಪದದ ಭಾರ ಯುದ್ಧಕ್ಕೆ ಜನ ಕಳಿಸಿದ ಮನೆಗಳಿಗೇ ಗೊತ್ತು. ಕೊಡವರಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ರೂಢಿ. ಕಾಣೆಯಾದವನಿಗೆ ಎಷ್ಟು? ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋದಲ್ಲಿ, ಗೋಲ್ಡನ್ ಗೇಟ್ ಸೇತುವೆಗೆ ಸ್ವಲ್ಪ ದೂರದಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಒಂದು ಬಾಗಿದ ಕಲ್ಲಿನ ಗೋಡೆ ಇದೆ. ಎರಡನೇ ಮಹಾಯುದ್ಧದಲ್ಲಿ ಈ ಕರಾವಳಿಯ ನೀರಿನಲ್ಲಿ ಕಾಣೆಯಾದ ನಾನೂರಕ್ಕೂ ಹೆಚ್ಚು ಜನರ ಹೆಸರು ಅದರ ಮೇಲಿದೆ. ಪ್ರವಾಸಿಗರು ಸೇತುವೆಯ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನೆಂಟರು ಬಂದಾಗ ಅಲ್ಲಿಗೂ ಒಮ್ಮೆ ಕರೆದುಕೊಂಡು ಹೋಗಿ. ಅಮೆರಿಕ ಸರ್ಕಾರ ಈಗಲೂ ಹಳೆಯ ಯುದ್ಧಗಳಲ್ಲಿ ಕಾಣೆಯಾದ ತನ್ನ ಸೈನಿಕರನ್ನು ಹುಡುಕುತ್ತಲೇ ಇದೆ, ಒಂದು ಕಾಲದ ಶತ್ರುದೇಶಗಳ ಹೊಲಗದ್ದೆಗಳಲ್ಲಿ ಅಗೆಯುತ್ತದೆ. ಆ ಹೊಲದವರು ಬಾಯಿ ಬಿಡದಿದ್ದರೆ ಗುದ್ದಲಿ ಎಲ್ಲಿ ಹಾಕುವುದು?

ದೇವಯ್ಯನವರ ವಿಷಯದಲ್ಲಿ ಬಾಯಿ ಬಿಟ್ಟದ್ದು ಒಂದು ಪುಸ್ತಕ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನ ವಾಯುಪಡೆಯ ನೆರವಿನಿಂದಲೇ 1965ರ ಆಕಾಶ ಯುದ್ಧದ ಬಗ್ಗೆ ಬರೆದು 1979ರಲ್ಲಿ ಪ್ರಕಟಿಸಿದ ಪುಸ್ತಕ ಅದು. ಅದರಲ್ಲಿ ಅಮ್ಜದ್‌ನ ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ಜೊತೆಗಿನ ಕಾಳಗದಲ್ಲಿ ಬಿತ್ತು ಅಂತ ಬಂತು. ಪಾಕಿಸ್ತಾನದವರಿಗೆ ತಮ್ಮ ಪೈಲಟ್‌ನ ಹೆಸರು ಗೊತ್ತಿತ್ತು, ಎದುರಿದ್ದವರು ಯಾರೆಂದು ಗೊತ್ತಿರಲಿಲ್ಲ. ಭಾರತದವರಿಗೆ ತಮ್ಮಲ್ಲಿ ಬಾರದವರು ಯಾರು ಅಂತ ಗೊತ್ತಿತ್ತು, ಅವರು ಏನು ಮಾಡಿದರು ಅಂತ ಗೊತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎರಡು ಟೇಬಲ್‌ಗಳು, ಎರಡರಲ್ಲೂ ಒಂದೊಂದು ಕಾಲಂ ಖಾಲಿ. ದಿನಾಂಕ ಮತ್ತು ಜಾಗ ಎರಡರಲ್ಲೂ ಇದೆ. ಜಾಯಿನ್ ಮಾಡಿದರೆ ಸಿಗುವುದು ಒಂದೇ ಸಾಲು, ಒಂದೇ ಹೆಸರು. ಆ ದಾಳಿಯ ನಾಯಕರಾಗಿದ್ದ ಒ. ಪಿ. ತನೇಜಾ ನಿವೃತ್ತಿಯ ನಂತರವೂ ಬೆನ್ನು ಹತ್ತಿದರು. ಕೊನೆಗೆ ಪದಕ ಬಂತು, ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು.

ನನಗೆ ನಿದ್ದೆ ಕೆಡಿಸಿದ ಒಂದು ವಿವರವಿದೆ. 1971ರ ಡಿಸೆಂಬರ್‌ನಲ್ಲಿ ಇದೇ ಅಮ್ಜದ್ ಹುಸೇನ್ ಅಮೃತಸರದ ಬಳಿ ಮತ್ತೊಂದು ಸ್ಟಾರ್‌ಫೈಟರ್‌ನಿಂದ ಹಾರಿ ಭಾರತದ ಸೆರೆಯಾಳಾದ. ಅಂದರೆ ದೇವಯ್ಯನವರ ಕೊನೆಯ ಹೋರಾಟವನ್ನು ಕಣ್ಣಾರೆ ಕಂಡವನು ಭಾರತದ ನೆಲದಲ್ಲೇ ಇದ್ದ. ಆದರೂ ಉತ್ತರ ಬಂದದ್ದು 1979ರ ಪುಸ್ತಕದಿಂದ. ಸಿನಿಮಾದಲ್ಲಿ ಈ ಸೆರೆಯಾಳಿನ ಜೊತೆ ಭಾರತೀಯ ಅಧಿಕಾರಿ ಮಾತಾಡುವ ದೃಶ್ಯ ಇಟ್ಟಿದ್ದಾರೆ. ನಡೆಯಬೇಕಿತ್ತು ಅನ್ನಿಸುವುದನ್ನು ತೋರಿಸುವುದು ಸಿನಿಮಾದ ಹಕ್ಕು ಬಿಡಿ.

ಮೂಲ ಪ್ರಶ್ನೆಗೆ ಬರೋಣ. ಅದೇ ಸೆಪ್ಟೆಂಬರ್ 7ರಂದು, ಅದೇ ಸರ್ಗೋಧಾದ ಆಕಾಶದಲ್ಲಿ, ಎಂ. ಎಂ. ಆಲಂ ಎಂಬ ಪಾಕಿಸ್ತಾನಿ ಪೈಲಟ್ ಒಂದು ನಿಮಿಷದೊಳಗೆ ಐದು ಭಾರತೀಯ ಹಂಟರ್ ವಿಮಾನಗಳನ್ನು ಉರುಳಿಸಿದ ಅಂತ ಪಾಕಿಸ್ತಾನ ಹೇಳುತ್ತದೆ. ಭಾರತದ ದಾಖಲೆಗಳು ಆ ಸಂಖ್ಯೆಯನ್ನು ಒಪ್ಪುವುದಿಲ್ಲ, ನಾವೂ ಒಪ್ಪುವುದಿಲ್ಲ. ಅದೇ ದಿನ, ಅದೇ ಜಾಗ, ಅದೇ ಕಡೆಯ ಸಾಕ್ಷಿ. ದೇವಯ್ಯನವರ ಬಗ್ಗೆ ಹೇಳಿದರೆ ‘ನೋಡಿ, ಶತ್ರುವೇ ಒಪ್ಪಿಕೊಂಡ’ ಅಂತ ಹೆಮ್ಮೆ. ಆಲಂ ಬಗ್ಗೆ ಹೇಳಿದರೆ ‘ಬರೀ ಬಡಾಯಿ’. ಬೇ ಏರಿಯಾದಲ್ಲಿ ನಮ್ಮಲ್ಲಿ ಎಷ್ಟೋ ಜನರ ಪಕ್ಕದ ಸೀಟಿನಲ್ಲಿ ಲಾಹೋರಿನವರೋ ಕರಾಚಿಯವರೋ ಕೂತು ಕೋಡ್ ಬರೆಯುತ್ತಿರುತ್ತಾರೆ. ಇದೇ ಮಾತನ್ನು ಅವರು ತಿರುಗಿಸಿ ಕೇಳಿದರೆ ಏನು ಹೇಳೋಣ? ನಮಗೆ ಬೇಕಾದ್ದು ಸತ್ಯ, ಬೇಡದ್ದು ಸುಳ್ಳು ಅನ್ನೋಣವೇ?

ಹಾಗಂತ ಎರಡನ್ನೂ ಒಪ್ಪಬೇಕಾಗಿಲ್ಲ, ಎರಡನ್ನೂ ಬಿಡಬೇಕಾಗಿಯೂ ಇಲ್ಲ. ನಮ್ಮ ನ್ಯಾಯದರ್ಶನದವರು ಶತಮಾನಗಳ ಹಿಂದೆಯೇ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದರು. ಆಪ್ತವಾಕ್ಯ ಅಂದರೆ ನಂಬಬಹುದಾದವನ ಮಾತು. ಕನ್ನಡದಲ್ಲಿ ಆಪ್ತ ಅಂದರೆ ಹತ್ತಿರದವನು, ಬೇಕಾದವನು. ಆದರೆ ಆ ಶಾಸ್ತ್ರದಲ್ಲಿ ಆಪ್ತ ಅಂದರೆ ವಿಷಯವನ್ನು ಸ್ವತಃ ಕಂಡವನು, ಕಂಡದ್ದನ್ನು ಕಂಡ ಹಾಗೆ ಹೇಳಬೇಕೆಂಬ ಇಚ್ಛೆ ಇರುವವನು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದವರಲ್ಲ, ಬೇರೆಯವರು) ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಅನ್ನುತ್ತಾರೆ. ಅಂದರೆ ಹೊರಗಿನವನು, ಬೇಡದವನು ಕೂಡ ಆಪ್ತನಾಗಬಹುದು. ನಮ್ಮವನೆನ್ನುವುದು ಅದಕ್ಕೆ ಅರ್ಹತೆಯೇ ಅಲ್ಲ.

ಅಮ್ಜದ್ ಸ್ವತಃ ಕಂಡವನು, ಅದರಲ್ಲಿ ಅನುಮಾನವಿಲ್ಲ. ಕಂಡ ಹಾಗೆ ಹೇಳುವ ಇಚ್ಛೆ ಇತ್ತೇ ಅಂತ ತಿಳಿಯುವುದು ಹೇಗೆ? ನನಗೆ ತೋಚುವ ಅಳತೆ ಒಂದೇ: ಆ ಮಾತು ಹೇಳಿದವನಿಗೆ ಎಷ್ಟು ದುಬಾರಿ ಬಿತ್ತು? ಸ್ಟಾರ್‌ಫೈಟರ್ ಪಾಕಿಸ್ತಾನದ ಹೆಮ್ಮೆ. ಅದನ್ನು ಒಂದು ಹಳೆಯ ಮಿಸ್ಟೇರ್, ಅದೂ ಏಟು ತಿಂದದ್ದು, ಕೆಡವಿತು ಅನ್ನುವುದು ಹೇಳಿಕೊಳ್ಳುವ ವಿಷಯವಲ್ಲ. ಸಿಡಿದ ಮಿಸ್ಟೇರಿನ ಚೂರು ಬಡಿದು ಬಿತ್ತು ಎಂಬ ವಿವರಣೆಯೂ ಅವರ ಕಡೆ ಇತ್ತು. ಅದರಲ್ಲೇ ನಿಂತಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೂ ಸತ್ಯ ಹೊರಗೆ ಬಂತು. ಐದು ವಿಮಾನದ ಮಾತು ಹಾಗಲ್ಲ, ಅದು ಹೇಳುವವರಿಗೆ ಲಾಭವನ್ನೇ ತರುವಂಥದ್ದು. ಲಾಭದ ಮಾತು ಸುಳ್ಳೇ ಆಗಬೇಕಿಲ್ಲ, ಆದರೆ ಅದಕ್ಕೆ ಬೇರೆ ಪುರಾವೆಯ ಆಸರೆ ಬೇಕು. ನಷ್ಟದ ಮಾತು ಸ್ವಲ್ಪ ಮಟ್ಟಿಗೆ ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ.

ಈ ತಕ್ಕಡಿ ಹಿಡಿದರೆ ನಮ್ಮನ್ನೂ ಅದರಲ್ಲೇ ತೂಗಬೇಕಾಗುತ್ತದೆ. ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಶತ್ರುವಿನ ದಾಳಿಗೆ ಸುಟ್ಟುಹೋದ ವಿಷಯವನ್ನು ಎಷ್ಟು ಸಿನಿಮಾ ತೋರಿಸಿವೆ? ರಕ್ಷಣಾ ಸಚಿವಾಲಯವೇ ಬರೆಸಿದ 1965ರ ಯುದ್ಧದ ಇತಿಹಾಸ ಬಹಳ ಕಾಲ ಸಾರ್ವಜನಿಕರ ಕೈಗೆ ಬರಲಿಲ್ಲ. ಗಡಿಯಾಚೆಯ ಯಾವುದೋ ಮನೆಯವರೂ ತಮ್ಮವನೊಬ್ಬನ ಕೊನೆಯ ಗಳಿಗೆಗಾಗಿ ನಮ್ಮ ಕಡೆಯ ಒಂದು ಪುಟಕ್ಕೆ ಕಾಯುತ್ತಿರಬಹುದು.

ಇನ್ನೊಂದು ಮಾತು, ಇದು ನನ್ನನ್ನು ಹೆಚ್ಚು ಕಾಡಿದ್ದು. ಅಮ್ಜದ್ ಕಂಡದ್ದು ವಿಮಾನ ತಿರುಗಿದ್ದನ್ನು. ಒಳಗೆ ಕೂತವರ ಮನಸ್ಸನ್ನಲ್ಲ. ದೇವಯ್ಯ ಮನೆಗೆ ಮರಳಬಹುದಿತ್ತು, ಬೇಕೆಂದೇ ಹೋರಾಟ ಆರಿಸಿಕೊಂಡರು ಅಂತ ನಾವು ಹೇಳುತ್ತೇವೆ. ಇರಬಹುದು. ಏಟು ತಿಂದ ವಿಮಾನ, ಅಳತೆ ಹಾಕಿ ತುಂಬಿದ ಇಂಧನ, ಎರಡು ಪಟ್ಟು ವೇಗದ ಬೇಟೆಗಾರ ಹಿಂದೆ. ತಿರುಗದೆ ಬೇರೆ ದಾರಿಯೇ ಇಲ್ಲ ಅಂತ ಮೇಷ್ಟ್ರಿಗೆ ಅನ್ನಿಸಿರಬಹುದು. ಖಾಲಿ ಜಾಗವನ್ನು ಅಂದಾಜಿನಿಂದ ತುಂಬುವುದು ನನ್ನ ದಿನದ ಕೆಲಸ. ಆದರೆ ತುಂಬಿದ ಕಡೆ ಇದು ಅಂದಾಜು ಅಂತ ಗುರುತು ಹಾಕುತ್ತೇವೆ, ಹಾಕದಿದ್ದರೆ ಅದು ಮೋಸ. ಸತ್ತವರ ಮನಸ್ಸಿಗೂ ಆ ಗುರುತು ಬೇಡವೇ? ಹೆದರಿದ ಮನುಷ್ಯ ತಿರುಗಿ ಹೋರಾಡಿದರೆ ಅದೇನು ಕಡಿಮೆ ಆಗುವುದಿಲ್ಲ. ನನಗೀಗ 34. ಅವರಿಗಿಂತ ಎರಡು ವರ್ಷ ದೊಡ್ಡವನಾಗಿಬಿಟ್ಟಿದ್ದೇನೆ. ಅವರು ಕಲಿಸುತ್ತಿದ್ದಾಗ ಹುಡುಗರಿಗೆ ಬೈಯುತ್ತಿದ್ದರೋ, ನಗಿಸುತ್ತಿದ್ದರೋ ತಿಳಿಯಬೇಕು ಅನ್ನಿಸುತ್ತದೆ. ಸಿಗುವುದೆಲ್ಲ ಕೊನೆಯ ಕೆಲವು ನಿಮಿಷಗಳೇ.

ಇದನ್ನೆಲ್ಲ ನಮ್ಮ ಚಿಕ್ಕಜ್ಜನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅಜ್ಜಿಯ ತಮ್ಮ ಅವರು, ಮೈಸೂರಿನಲ್ಲಿದ್ದಾರೆ, 84 ವರ್ಷ. ಜಾಲಹಳ್ಳಿಯಲ್ಲಿ ತರಬೇತಿ ಪಡೆದು 1965ರಲ್ಲಿ ಪಂಜಾಬಿನ ಒಂದು ಬೇಸಿನಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಯುದ್ಧದ ಕಥೆ ಹೇಳಿ ಅಂತ ಚಿಕ್ಕಂದಿನಲ್ಲಿ ಪೀಡಿಸಿದಾಗೆಲ್ಲ “ನಾನೇನು ಯುದ್ಧ ಮಾಡಿದ್ನೇನೋ, ನಟ್ಟು ಬಿಗಿ ಮಾಡಿದ್ದೆ” ಅಂತ ನಕ್ಕುಬಿಡುತ್ತಿದ್ದರು. ಈ ಸಲ ನಗಲಿಲ್ಲ.

“ಹೋಗಿದ್ದು ಎಷ್ಟು, ಬಂದಿದ್ದು ಎಷ್ಟು ಅಂತ ಎಣಿಸ್ತಾ ನಿಂತಿರ್ತಿದ್ವಿ ಮಗಾ. ನಮ್ಮ ಅಧಿಕಾರಿಗಳಿಗಿಂತ ಮುಂಚೆ ನಮಗೇ ಗೊತ್ತಾಗ್ತಿತ್ತು. ಒಂದಿನ ಒಂದು ಬರ್ಲಿಲ್ಲ. ಗುಂಡು ತಾಗಿ ಬಿತ್ತು ಅಂತ ಬರ್ಕೊಂಡ್ರು.” ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದರ ಎಂಜಿನ್ನಿನ ಸದ್ದು ಹಿಂದಿನ ದಿನ ನಂಗೆ ಸರಿ ಕೇಳಿರ್ಲಿಲ್ಲ. ನೋಡ್ದೆ, ಏನೂ ಸಿಗ್ಲಿಲ್ಲ. ಸರಿ ಇದೆ ಅಂತ ಸಹಿ ಹಾಕಿದ್ದು ನಾನೇ.”

“ಯಾರಿಗಾದ್ರೂ ಹೇಳಿದ್ರಾ ಚಿಕ್ಕಜ್ಜ?”

“ಯಾರು ಕೇಳಿದ್ರು?”

ಅವರ ಅನುಮಾನಕ್ಕೆ ಬುಡ ಇಲ್ಲದಿರಬಹುದು. ನಿಜಕ್ಕೂ ಗುಂಡೇ ತಾಗಿರಬಹುದು, ಅದನ್ನೂ ಆಚೆ ಕಡೆಯ ಯಾವುದೋ ಪುಸ್ತಕವೇ ಹೇಳಬೇಕು. ಬರೆಯಬಹುದಾ ಅಂತ ಕೇಳಿದೆ. “ಹೆಸರು ಬೇಡ, ಬೇಸಿನ ಹೆಸರೂ ಬೇಡ. ಅವರ ಮನೆಯವ್ರು ಇರ್ತಾರೆ. ಉಳಿದಿದ್ದು ಬರ್ಕೋ” ಅಂದರು. ಮನೆಯವರಿಗೆ ಹೇಳಬೇಕಾ, ಬೇಡವಾ ಅನ್ನುವ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತಾಯಿತು ಅಂತ ಫೋನ್ ಇಟ್ಟರು.

ಆ ಪೈಲಟ್ ಯಾರು ಅಂತ ನಾನು ಕಂಡುಹಿಡಿಯಬಹುದು. ಬೇಸ್ ಗೊತ್ತು, ವಿಮಾನದ ಮಾದರಿ ಗೊತ್ತು, ದಿನವೂ ಹೆಚ್ಚೂಕಮ್ಮಿ ಗೊತ್ತು. ಎರಡೂ ಕಡೆಯ ಪಟ್ಟಿಗಳು ನನ್ನ ಲ್ಯಾಪ್‌ಟಾಪಿನಲ್ಲೇ ಇವೆ, ದೇವಯ್ಯನವರನ್ನು ಹುಡುಕುವಾಗ ಕೂಡಿಸಿಟ್ಟದ್ದು. ಒಂದು ಸಾಲಿನ ಕ್ವೆರಿ, ಅಷ್ಟೆ. ಇನ್ನೂ ರನ್ ಮಾಡಿಲ್ಲ. ಭಾನುವಾರ ಚಿಕ್ಕಜ್ಜನಿಗೆ ಮತ್ತೆ ಫೋನ್ ಮಾಡಬೇಕು.